ಕುದುರೆಯ ಬಣ್ಣ ಗುರುತಿಸುವುದು ಹೇಗೆ: ಮೈ ಬಿಟ್ಟು ಮೂತಿಯಿಂದ ಶುರು ಮಾಡಿ

ಮೈಸೂರು ರೇಸ್ ಕೋರ್ಸಿನಲ್ಲಿ, ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸಿ ತೋರಿಸುವ ಪ್ಯಾಡಕ್‌ನ ಕಂಬಿ ಹಿಡಿದು ನಿಂತು, ಪಕ್ಕದ ಗೆಳೆಯನಿಗೆ "ಆ ಕರಿ ಕುದುರೆ ನೋಡೋ, ಎಷ್ಟು ಚೆನ್ನಾಗಿದೆ" ಅಂದಿದ್ದೆ. ಕುದುರೆ ಹಿಡಿದು ಸುತ್ತು ಹಾಕಿಸುತ್ತಿದ್ದ ಸೈಸ್‌ಗೆ ಅದು ಕೇಳಿಸಿತು. "ಕರಿ ಅಲ್ಲ ಸಾರ್, ಮೂತಿ ನೋಡಿ" ಅಂತ ಹೇಳಿ ಮುಂದೆ ಹೋದರು. ಇನ್ನೊಂದು ಸುತ್ತು ಬರುವ ತನಕ ಕಾದು ನೋಡಿದೆ. ಹೌದು, ಮೂತಿಯ ಸುತ್ತ ಪಾಕ ಜಾಸ್ತಿಯಾದ ಬೆಲ್ಲದ ಹಾಗೆ ಒಂದು ಕಂದು ಉಂಗುರ ಇತ್ತು. ರೇಸ್ ಪುಸ್ತಕ ತೆಗೆದರೆ 'ಡಿಕೆ ಬಿ' ಅಂತ ಇದೆ, ಅಂದರೆ ಡಾರ್ಕ್ ಬೇ, ಕಡು ಕಂದು.

ಅವತ್ತಿನಿಂದ ಈ ಹುಚ್ಚು ಹತ್ತಿದೆ. ನಾವೆಲ್ಲ ಕುದುರೆಯ ಬಣ್ಣ ಅಂದರೆ ಮೊದಲು ಮೈ ನೋಡುತ್ತೇವೆ, ಎಡವುವುದೂ ಅಲ್ಲೇ. ಬಿಸಿಲು, ಬೆವರು, ಚಳಿಗಾಲದ ಕೂದಲು, ವಯಸ್ಸು, ಎಲ್ಲವೂ ಮೈಯ ಬಣ್ಣವನ್ನು ಬದಲಿಸುತ್ತವೆ. ನಿಜ ಗೊತ್ತಾಗುವುದು ಮೂತಿಯಲ್ಲಿ, ಬಾಲದಲ್ಲಿ, ಕಾಲಿನಲ್ಲಿ, ಕೂದಲ ಕೆಳಗಿನ ಚರ್ಮದಲ್ಲಿ. ಮೈಯನ್ನು ಕೊನೆಗೆ ನೋಡಿದರೆ ಸಾಕು.

ಶುರು ಮಾಡುವ ಮುಂಚೆ: ಇರುವುದು ಎರಡೇ ಡಬ್ಬಿ

ಲೋಕದ ಎಲ್ಲಾ ಕುದುರೆಗಳಿಗೂ ಬಣ್ಣ ಬಂದಿರುವುದು ಎರಡೇ ಡಬ್ಬಿಯಿಂದ. ಒಂದು ಕಪ್ಪು, ಒಂದು ಕೆಂಪು. ಉಳಿದಿದ್ದೆಲ್ಲ ಈ ಎರಡಕ್ಕೆ ನೀರು ಬೆರೆಸಿದ್ದು, ಅಳಿಸಿದ್ದು, ಇಲ್ಲವೇ ಮಧ್ಯೆ ಮಧ್ಯೆ ಬಣ್ಣ ಹಚ್ಚದೇ ಬಿಟ್ಟಿದ್ದು.

ಕಪ್ಪು ಡಬ್ಬಿಯ ಮುಚ್ಚಳ ತೆಗೆಯುವುದು ಎಂಸಿ1ಆರ್ ಅನ್ನುವ ಜೀನ್. ಇದಕ್ಕೆ ಎರಡು ರೂಪ, ಇಂಗ್ಲಿಷಿನ ದೊಡ್ಡ 'ಇ' ಮತ್ತು ಚಿಕ್ಕ 'ಇ' ಅಂತ ಬರೆಯುತ್ತಾರೆ. ದೊಡ್ಡ 'ಇ' ಒಂದಾದರೂ ಇದ್ದರೆ ಕೂದಲಿಗೆ ಕಪ್ಪು ಬರುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಚಿಕ್ಕ 'ಇ' ಬಂದರೆ ಮುಚ್ಚಳ ತೆಗೆಯುವುದೇ ಇಲ್ಲ, ಕುದುರೆ ಪೂರ್ತಿ ಕೆಂಪು. ಇದು ಗೊತ್ತಾಗಿದ್ದು 1996ರಲ್ಲಿ. ಇನ್ನೊಂದು ಜೀನ್ ಅಗೂಟಿ. ಕಪ್ಪನ್ನು ಎಲ್ಲಿ ಹಚ್ಚಬೇಕು ಅಂತ ಹೇಳುವುದು ಅದರ ಕೆಲಸ. ಅಗೂಟಿ ಕೆಲಸ ಮಾಡುತ್ತಿದ್ದರೆ ಕಪ್ಪು ಜೂಲು, ಬಾಲ, ಕಾಲು, ಕಿವಿಯಂಚಿಗೆ ಮಾತ್ರ ಹೋಗಿ ಮೈ ಕೆಂಪಾಗಿ ಉಳಿಯುತ್ತದೆ. ಅದು ಕೆಟ್ಟಿದ್ದರೆ ಕಪ್ಪು ಮೈತುಂಬಾ ಹರಡುತ್ತದೆ.

ಇಷ್ಟು ಗೊತ್ತಿದ್ದರೆ ಮೂರು ಮೂಲ ಬಣ್ಣ ಸಿಕ್ಕಂತೆ. ಕೆಂಪು ಅಂದರೆ ಚೆಸ್ಟ್‌ನಟ್, ಮೈ ಕೆಂಗಂದಾಗಿ ಜೂಲು ಬಾಲ ಕಪ್ಪಿದ್ದರೆ ಬೇ, ಪೂರ್ತಿ ಕಪ್ಪಿದ್ದರೆ ಬ್ಲ್ಯಾಕ್. ಕನ್ನಡದಲ್ಲಿ ನಾವು ಮೊದಲ ಎರಡನ್ನೂ 'ಕಂದು ಕುದುರೆ' ಅಂದುಬಿಡುತ್ತೇವೆ. ಅದಕ್ಕೇ ಇಲ್ಲಿ ಕುದುರೆಯವರ ಬಾಯಲ್ಲಿರುವ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಉತ್ತರದ ಕುದುರೆ ಜಾತ್ರೆಗಳಿಗೆ, ಅಂದರೆ ಪುಷ್ಕರಕ್ಕೋ ಮಹಾರಾಷ್ಟ್ರದ ಸಾರಂಗಖೇಡಕ್ಕೋ ಹೋದರೆ ಬೇರೆ ಹೆಸರು ಕೇಳುತ್ತೀರಿ. ಬೇ ಕುದುರೆಗೆ ಕುಮೈತ್, ಚೆಸ್ಟ್‌ನಟ್‌ಗೆ ಸುರಂಗ್, ಕರಿಗೆ ಮುಷ್ಕಿ, ತೇಪೆ ಇರುವುದಕ್ಕೆ ಅಬ್ಲಕ್, ಗುಲಾಬಿ ಚರ್ಮದ ಬಿಳಿಗೆ ನುಕ್ರಾ. ಸಾವಿರಾರು ಕುದುರೆ ನೋಡಿದ ಜನ ಕೊಟ್ಟ ಹೆಸರುಗಳು, ಸುಮ್ನೆ ಬಂದವಲ್ಲ.

ಹಂತ 1: ಬೆಳಕಿಗೆ ತನ್ನಿ

ಲಾಯದೊಳಗೆ ಟ್ಯೂಬ್‌ಲೈಟ್ ಕೆಳಗೆ ನಿಂತ ಕುದುರೆಯ ಬಣ್ಣ ಹೇಳಲು ಹೋಗಬೇಡಿ. ಬೆಳಗಿನ ಬಿಸಿಲಿಗೆ ತನ್ನಿ, ಕೆಸರಿದ್ದರೆ ತೊಳೆದು ಒಣಗಲು ಬಿಡಿ. ಒದ್ದೆ ಚೆಸ್ಟ್‌ನಟ್ ಬೇ ಥರ ಕಾಣುತ್ತದೆ, ಒದ್ದೆ ಬೇ ಕಪ್ಪಾಗಿ ಕಾಣುತ್ತದೆ. ಕೂದಲು ಮಷಿನ್ ಹಾಕಿ ಕತ್ತರಿಸಿದ್ದಾರಾ ಅಂತಲೂ ಕೇಳಿ. ಈಗಷ್ಟೇ ಕತ್ತರಿಸಿದ ಮೈ ಮಂಕಾಗಿ, ಒಂದು ಸುತ್ತು ತೆಳುವಾಗಿ ಕಾಣುತ್ತದೆ. ಫೋಟೋ ತೆಗೆಯುವುದಾದರೆ ಪಕ್ಕದಿಂದ ಒಂದು ತೆಗೆದು ಸುಮ್ಮನಾಗಬೇಡಿ. ಮೂತಿ, ಕಣ್ಣಿನ ಸುತ್ತ, ನಾಲ್ಕೂ ಕಾಲು, ಮೇಲಿನಿಂದ ಬೆನ್ನು, ಬಾಲದ ಬುಡ, ಇವೆಲ್ಲ ಬೇಕು.

ಹಂತ 2: ಚರ್ಮ ನೋಡಿ

ಕಣ್ಣಿನ ಸುತ್ತ, ಮೂಗಿನ ಹೊಳ್ಳೆಯ ಹತ್ತಿರ, ಬಾಲದ ಕೆಳಗೆ ಕೂದಲು ಕಡಿಮೆ, ಚರ್ಮ ಕಾಣುತ್ತದೆ. ಬಾಲ ಎತ್ತುವ ಮುಂಚೆ ಕುದುರೆಯ ಪಕ್ಕಕ್ಕೆ ನಿಲ್ಲಿ, ಹಿಂದೆ ಬೇಡ. ಈ ಮಾತು ಬಣ್ಣಕ್ಕೆ ಸಂಬಂಧಪಟ್ಟದ್ದಲ್ಲ, ನಿಮ್ಮ ಮೊಣಕಾಲಿಗೆ ಸಂಬಂಧಪಟ್ಟದ್ದು.

ಬಿಳಿ ಕುದುರೆಗಳಲ್ಲಿ ಈ ಹಂತವೇ ಎಲ್ಲಾ ಹೇಳಿಬಿಡುತ್ತದೆ. ಮದುವೆ ಮೆರವಣಿಗೆಯಲ್ಲಿ ವರನನ್ನು ಹೊತ್ತು ಬರುವ 'ಬಿಳಿ ಕುದುರೆ' ಎರಡು ಥರದ್ದು ಇರಬಹುದು. ಮೂತಿ, ಕಣ್ಣಿನ ಸುತ್ತ ಕಪ್ಪು ಚರ್ಮ ಇದ್ದರೆ ಅದು ಗ್ರೇ. ಬೇರೆ ಬಣ್ಣದಲ್ಲಿ ಹುಟ್ಟಿ, ವಯಸ್ಸಾಗುತ್ತಾ ಬೆಳ್ಳಗಾದದ್ದು. ಮೈಯೆಲ್ಲ ಗುಲಾಬಿ ಚರ್ಮವಾಗಿದ್ದರೆ ಹುಟ್ಟಾ ಬಿಳಿ, ಅಂದರೆ ಜಾತ್ರೆಯವರ ನುಕ್ರಾ. ಗುಲಾಬಿ ಚರ್ಮದ ಜೊತೆ ಕೂದಲು ಕೆನೆ ಬಣ್ಣಕ್ಕೆ ತಿರುಗಿ ಕಣ್ಣು ನೀಲಿ ಇದ್ದರೆ ಮೂರನೇ ಸಾಧ್ಯತೆಯೂ ಇದೆ, ಅದು ಹಂತ 4ರಲ್ಲಿ ಬರುತ್ತದೆ. ಗುಲಾಬಿ ಮೂತಿಯ ಕುದುರೆಗೆ ನಮ್ಮ ಬೇಸಿಗೆಯಲ್ಲಿ ಚರ್ಮ ಸುಡುತ್ತದೆ, ನೆರಳು ಬೇಕೇ ಬೇಕು.

ಹಂತ 3: ಜೂಲು, ಬಾಲ, ಕಾಲು

ಈಗ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಜೂಲು, ಬಾಲ, ಮೊಣಕಾಲಿನಿಂದ ಕೆಳಗೆ ನಿಜವಾದ ಕಪ್ಪು ಕೂದಲು ಇದೆಯಾ?

ಎಲ್ಲೂ ಇಲ್ಲದಿದ್ದರೆ ಚೆಸ್ಟ್‌ನಟ್. ಮೈ ಎಷ್ಟೇ ಕಡು ಇರಲಿ, ಕಾಫಿ ಡಿಕಾಕ್ಷನ್ ಬಣ್ಣಕ್ಕೇ ಬಂದಿರಲಿ, ಕಾಲಿನ ಕೆಳಭಾಗ ಕೆಂಪಾಗೇ ಇದ್ದರೆ ಚೆಸ್ಟ್‌ನಟ್ಟೇ. ಜೂಲು ಮೈಯಷ್ಟೇ ಕೆಂಪಿರಬಹುದು, ಗೋಧಿ ಬಣ್ಣಕ್ಕೂ ಇರಬಹುದು. 1973ರಲ್ಲಿ ಅಮೆರಿಕದ ಮೂರು ದೊಡ್ಡ ರೇಸ್ ಗೆದ್ದ ಸೆಕ್ರೆಟೇರಿಯಟ್ ಈ ಬಣ್ಣದ್ದೇ, ಅದಕ್ಕೇ ಅದನ್ನು 'ಬಿಗ್ ರೆಡ್' ಅಂತಿದ್ದರು.

ಮೈ ಕೆಂಪು ಅಥವಾ ಕಂದು, ಜೂಲು ಬಾಲ ಕಾಲು ಕಪ್ಪು ಅಂದರೆ ಬೇ. ಕಾಲಿಗೆ ಬಿಳಿ ಸಾಕ್ಸ್ ಇದ್ದು ಕಪ್ಪು ಮುಚ್ಚಿಹೋಗಿದ್ದರೆ ಕಿವಿಯ ಅಂಚು ನೋಡಿ, ಬೇ ಕುದುರೆಯ ಕಿವಿಗೆ ಕಪ್ಪು ಗೆರೆ ಇರುತ್ತದೆ.

ಕಷ್ಟ ಇರುವುದು ಕಡು ಬೇ ಮತ್ತು ಬ್ಲ್ಯಾಕ್ ನಡುವೆ, ನಾನು ಮುಗ್ಗರಿಸಿದ ಜಾಗ. ಮೂತಿಯ ಸುತ್ತ, ಕಣ್ಣಿನ ಮೇಲೆ, ಪಕ್ಕೆಯ ಹಿಂದೆ ಹಿಂಗಾಲು ಸೇರುವ ಮಡಿಕೆಯಲ್ಲಿ ಬೆರಳಿಟ್ಟು ಕೂದಲು ಬಿಡಿಸಿ ನೋಡಿ. ಅಲ್ಲಿ ಕಂದು ಇದ್ದರೆ ಡಾರ್ಕ್ ಬೇ, ಕೆಲವರು ಬ್ರೌನ್ ಅಂತಲೂ ಬರೆಯುತ್ತಾರೆ. ಆದರೆ ಒಂದು ಎಚ್ಚರಿಕೆ. ಅಪ್ಪಟ ಕರಿ ಕುದುರೆಯೂ ಏಪ್ರಿಲ್ ಬಿಸಿಲಿಗೆ ತುಕ್ಕು ಹಿಡಿದ ಹಾಗೆ ಕಂದಾಗುತ್ತದೆ. ವ್ಯತ್ಯಾಸ ಏನು ಅಂದರೆ, ಬಿಸಿಲು ತಿಂದ ಕೂದಲಿನ ತುದಿ ಮಾತ್ರ ಕಂದು, ಬುಡ ಕಪ್ಪು. ಬೆನ್ನು, ಜೂಲಿನ ತುದಿ ಮೊದಲು ಮಾಸುತ್ತವೆ, ಮೂತಿ ಕಪ್ಪಾಗೇ ಉಳಿಯುತ್ತದೆ. ಕಡು ಬೇಯಲ್ಲಿ ಇದು ಉಲ್ಟಾ, ಮೂತಿಯೇ ಕಂದು.

ಥರೋಬ್ರೆಡ್, ಅಂದರೆ ರೇಸ್ ತಳಿಯ ಕುದುರೆ ಮಾತ್ರ ನೋಡುವವರಿಗೆ ಇಲ್ಲಿಗೇ ಮುಕ್ಕಾಲು ಪಾಲು ಕೆಲಸ ಮುಗಿಯಿತು. ರೇಸ್ ಪುಸ್ತಕದಲ್ಲಿ ಬಹುತೇಕ ಬಿ, ಡಿಕೆ ಬಿ, ಸಿಎಚ್, ಜಿಆರ್ ಇಷ್ಟೇ ಕಾಣುವುದು, ಅಂದರೆ ಬೇ, ಡಾರ್ಕ್ ಬೇ, ಚೆಸ್ಟ್‌ನಟ್, ಗ್ರೇ. ಮಾರವಾಡಿ, ಕಾಠಿಯಾವಾಡಿಯಂಥ ನಮ್ಮ ದೇಶದ ತಳಿ, ನಾಟಿ ಟಟ್ಟು ನೋಡುವವರು ಮುಂದೆ ಓದಿ.

ಹಂತ 4: ಬಣ್ಣಕ್ಕೆ ನೀರು ಬೆರೆತಿದೆಯಾ?

ಮೂಲ ಬಣ್ಣ ಸಿಕ್ಕಿತು, ಆದರೆ ಅದು ತೆಳುವಾಗಿದೆ. ಬಂಗಾರದ ಬಣ್ಣದ ಮೈ, ಹಾಲಿನಂಥ ಜೂಲು. ಇದು ಕ್ರೀಮ್ ಜೀನ್ ಕೆಲಸ. ಒಂದು ಪ್ರತಿ ಇದ್ದರೆ ಚೆಸ್ಟ್‌ನಟ್ ಪ್ಯಾಲೊಮಿನೊ ಆಗುತ್ತದೆ, ಬೇ ಬಕ್‌ಸ್ಕಿನ್ ಆಗುತ್ತದೆ, ಅಂದರೆ ಮೈ ಹಳದಿ, ಕಾಲು ಬಾಲ ಕಪ್ಪಾಗೇ ಇರುತ್ತವೆ. ಒಂದೇ ಪ್ರತಿ ಕೆಂಪನ್ನು ಮಾತ್ರ ತೆಳು ಮಾಡುತ್ತದೆ, ಕಪ್ಪನ್ನು ಹೆಚ್ಚುಕಮ್ಮಿ ಮುಟ್ಟುವುದೇ ಇಲ್ಲ. ಹಾಗಾಗಿ ಕ್ರೀಮ್ ಇಟ್ಟುಕೊಂಡ ಕರಿ ಕುದುರೆ ನೋಡಲು ಮಾಮೂಲಿ ಕರಿಯೇ, ಮರಿ ಹಾಕಿದಾಗ ಮಾತ್ರ ಗುಟ್ಟು ರಟ್ಟು. ಎರಡು ಪ್ರತಿ ಬಂದರೆ ಕಪ್ಪೂ ಉಳಿಯುವುದಿಲ್ಲ. ಮೈಯೆಲ್ಲ ಕೆನೆ, ಚರ್ಮ ಗುಲಾಬಿ, ಕಣ್ಣು ನೀಲಿ. ಹಂತ 2ರಲ್ಲಿ ಹೇಳಿದ ಮೂರನೇ ಬಿಳಿ ಇದೇ. ಇದನ್ನು ಕೆಲವರು 'ಆಲ್ಬಿನೊ' ಅನ್ನುತ್ತಾರೆ, ತಪ್ಪು.

ಹಳದಿ ಕುದುರೆ ಕಂಡರೆ ತಕ್ಷಣ ಬಕ್‌ಸ್ಕಿನ್ ಅನ್ನಬೇಡಿ, ಬೆನ್ನು ನೋಡಿ. ಜೂಲಿನಿಂದ ಬಾಲದ ತನಕ ಪೆನ್ಸಿಲ್‌ನಲ್ಲಿ ಎಳೆದಂತೆ ಚೂಪಾದ ಗೆರೆ ಓಡಿದೆಯಾ, ಕಾಲಿಗೆ ಜೀಬ್ರಾ ಪಟ್ಟೆ ಇದೆಯಾ? ಇದ್ದರೆ ಅದು ಡನ್, ಬೇರೆಯದೇ ಜೀನ್. 2016ರಲ್ಲಿ ಇದರ ಗುಟ್ಟು ಸಿಕ್ಕಿತು. ಡನ್ ಕುದುರೆಯ ಪ್ರತಿ ಕೂದಲಿನಲ್ಲೂ ಬಣ್ಣ ಒಂದೇ ಪಕ್ಕಕ್ಕೆ ಸೇರಿಕೊಂಡಿರುತ್ತದೆ, ಇನ್ನೊಂದು ಪಕ್ಕ ಖಾಲಿ. ಗೆರೆ ಇರುವ ಜಾಗದ ಕೂದಲಿಗೆ ಮಾತ್ರ ಸುತ್ತಲೂ ಬಣ್ಣ. ಕಾಡುಕುದುರೆಗಳ ಹಳೇ ಬಣ್ಣ ಇದೇ, ಮಂಗೋಲಿಯಾದ ಪ್ರೆಜ್ವಾಲ್‌ಸ್ಕಿ ಕುದುರೆ ಈಗಲೂ ಹೀಗೇ ಇದೆ. ನಮ್ಮ ದೇಶದಲ್ಲಿ ನೋಡಬೇಕಾದರೆ ಗುಜರಾತಿನ ಕಾಠಿಯಾವಾಡಿಯಲ್ಲಿ ಸಿಗುತ್ತದೆ. ಮರಿಗಳ ಬೆನ್ನ ಮೇಲಿನ ಮಬ್ಬು ಗೆರೆಯನ್ನು ನಂಬಬೇಡಿ, ಬಹಳಷ್ಟು ಮರಿಗಳಿಗೆ ಅದು ಇರುತ್ತದೆ, ಮೊದಲ ಕೂದಲು ಉದುರಿದಾಗ ಹೋಗುತ್ತದೆ.

ಶಾಂಪೇನ್, ಸಿಲ್ವರ್ ಅಂತ ಇನ್ನೂ ಇವೆ. ವಿದೇಶಿ ತಳಿ ಸಾಕುವವರಿಗೆ ಬೇಕಾದೀತು, ಇಲ್ಲಿ ಬಿಡುತ್ತೇನೆ.

ಹಂತ 5: ಬಿಳಿ ಕೂದಲು ಬೆರೆತಿದೆ, ಗ್ರೇನಾ ರೋನಾ?

ಅತಿ ಜಾಸ್ತಿ ಜನ ಮೋಸಹೋಗುವುದು ಇಲ್ಲೇ, ದುಡ್ಡು ಕಳೆದುಕೊಳ್ಳುವುದೂ ಇಲ್ಲೇ. ನನಗೆ ಗೊತ್ತಿರುವ ಒಬ್ಬರು ಕಬ್ಬಿಣದ ಬಣ್ಣದ, ಮೈತುಂಬಾ ಚಂದ್ರನ ಹಾಗೆ ದುಂಡು ದುಂಡು ಮಚ್ಚೆ ಇದ್ದ ನಾಲ್ಕು ವರ್ಷದ ಕುದುರೆ ನೋಡಿ, ಆ ಮಚ್ಚೆಗೇ ಮರುಳಾಗಿ ಜಾಸ್ತಿ ಬೆಲೆ ಕೊಟ್ಟರು. ಕೆಲವೇ ವರ್ಷಕ್ಕೆ ಅದು ಅಪ್ಪಟ ಬಿಳಿ. ಮಾರಿದವರು ಸುಳ್ಳೇನೂ ಹೇಳಿರಲಿಲ್ಲ, ಇವರು ಕೇಳಿರಲಿಲ್ಲ ಅಷ್ಟೇ.

ಗ್ರೇ ಅನ್ನುವುದು ಬಣ್ಣವಲ್ಲ, ಬಣ್ಣ ಕಳೆದುಕೊಳ್ಳುವ ದಾರಿ. ಮರಿ ಚೆಸ್ಟ್‌ನಟ್, ಬೇ, ಬ್ಲ್ಯಾಕ್ ಹೀಗೆ ಯಾವುದಾಗಿಯಾದರೂ ಹುಟ್ಟುತ್ತದೆ. ಆಮೇಲೆ ಪ್ರತಿ ಸಲ ಕೂದಲು ಉದುರಿ ಹುಟ್ಟಿದಾಗ ಬಿಳಿ ಜಾಸ್ತಿಯಾಗುತ್ತದೆ. ಮೊದಲು ಕಬ್ಬಿಣದ ಬೂದು, ಆಮೇಲೆ ಆ ದುಂಡು ಮಚ್ಚೆ, ಆಮೇಲೆ ಬಿಳಿ. ಕೆಲವಕ್ಕೆ ಬಿಳಿಯಾದ ಮೇಲೆ ಮೈಮೇಲೆಲ್ಲ ಚಿಗಟ ಕಚ್ಚಿದಂತೆ ಕಂದು ಚುಕ್ಕೆ ಬರುತ್ತವೆ, ಇಂಗ್ಲಿಷಿನಲ್ಲೂ ಅದಕ್ಕೆ ಚಿಗಟದ ಹೆಸರೇ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ಬಿಳಿ ಲಿಪಿಜಾನರ್ ಕುದುರೆಗಳೂ ಹುಟ್ಟುವಾಗ ಕಡು ಬಣ್ಣದವೇ.

ಮೇವಾಡದ ಜನಪದದಲ್ಲಿ ರಾಣಾ ಪ್ರತಾಪನ ಚೇತಕ್‌ನನ್ನು ನೀಲಿ ಕುದುರೆ ಅಂತ ಹಾಡುತ್ತಾರೆ. 1576ರ ಹಲ್ದಿಘಾಟಿ ಯುದ್ಧದಲ್ಲಿ ನಿಂತು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ, ಆದರೆ ಕಬ್ಬಿಣದ ಬೂದು ಬಣ್ಣಕ್ಕೆ ಬಿಸಿಲು ಬಿದ್ದಾಗ ಮೈ ನೀಲಿ ಹೊಡೆಯುವುದನ್ನು ನೋಡಿದವರಿಗೆ ಆ ಮಾತು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ರೋನ್‌ನಲ್ಲೂ ಬಿಳಿ ಕೂದಲು ಬೆರೆತಿರುತ್ತದೆ, ಆದರೆ ಹುಟ್ಟಿನಿಂದಲೇ ಬಂದದ್ದು, ವರ್ಷ ವರ್ಷ ಜಾಸ್ತಿಯಾಗುವುದಿಲ್ಲ. ಮೈಗೆ ಹಿಟ್ಟು ಚೆಲ್ಲಿದ ಹಾಗಿರುತ್ತದೆ, ತಲೆ ಮತ್ತು ಕಾಲು ಮಾತ್ರ ಮೂಲ ಬಣ್ಣದಲ್ಲೇ ಗಟ್ಟಿಯಾಗಿ ಉಳಿಯುತ್ತವೆ. ಹಾಗಾಗಿ ಮುಖ ನೋಡಿ. ಗ್ರೇ ಆಗುವ ಕುದುರೆಗೆ ಬಿಳಿ ಮೊದಲು ಬರುವುದೇ ಮುಖಕ್ಕೆ, ರೋನ್‌ನ ಮುಖ ಕಡು. ಅನುಮಾನ ಉಳಿದರೆ ಹೋದ ವರ್ಷದ ಫೋಟೋ ಕೇಳಿ. ರೇಸ್ ಕುದುರೆಗಳನ್ನು ನೋಂದಾಯಿಸುವ ಅಮೆರಿಕದ ಜಾಕಿ ಕ್ಲಬ್ ಈ ತಲೆನೋವೇ ಬೇಡ ಅಂತ ಗ್ರೇ, ರೋನ್ ಎರಡನ್ನೂ ಒಂದೇ ಗುಂಪಿಗೆ ಹಾಕಿಬಿಟ್ಟಿದೆ.

ಮರಿ ಕೊಳ್ಳುವವರಿಗೆ ಒಂದು ಮಾತು. ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಿಳಿ ಕೂದಲು ಕಂಡರೆ ಅದು ಗ್ರೇ ಆಗುವ ಮರಿ. ಇನ್ನೂ ತಮಾಷೆ ಏನೆಂದರೆ, ದೊಡ್ಡದಾದ ಮೇಲೆ ಕರಿಯಾಗಿಯೇ ಉಳಿಯುವ ಮರಿ ಹೆಚ್ಚಾಗಿ ಇಲಿ ಬಣ್ಣದಲ್ಲಿ ಹುಟ್ಟುತ್ತದೆ. ಹುಟ್ಟುವಾಗಲೇ ಇದ್ದಲಿನಂತೆ ಕಪ್ಪಗಿದ್ದರೆ ಅದು ಗ್ರೇ ಆಗಬಹುದು ಅಂತ ಅನುಮಾನ ಪಡಿ.

ಗ್ರೇ ಕುದುರೆ ಸಾಕುವವರು ವರ್ಷಕ್ಕೆರಡು ಸಲವಾದರೂ ಬಾಲದ ಕೆಳಗೆ ಕೈಯಾಡಿಸಿ ಗಂಟು ಇದೆಯಾ ನೋಡಿ. ಬೇಗ ಬಿಳಿ ಮಾಡುವ ಈ ಜೀನೇ ಚರ್ಮದಲ್ಲಿ ಮೆಲನೋಮ ಗಡ್ಡೆಯನ್ನೂ ತರುತ್ತದೆ, 15 ವರ್ಷ ದಾಟಿದ ಗ್ರೇಗಳಲ್ಲಿ ಶೇ. 70ಕ್ಕೂ ಹೆಚ್ಚಿನವಕ್ಕೆ ಇದು ಕಾಣಿಸಿಕೊಳ್ಳುತ್ತದೆ. ಎಷ್ಟೋ ಗಡ್ಡೆ ವರ್ಷಗಟ್ಟಲೆ ಸುಮ್ಮನಿರುತ್ತವೆ, ಆದರೂ ಪಶುವೈದ್ಯರಿಗೆ ತೋರಿಸಿ.

ಹಂತ 6: ತೇಪೆ ಮತ್ತು ಚುಕ್ಕೆ

ಅಬ್ಲಕ್ ಅಂತ ಒಂದೇ ಮಾತಿನಲ್ಲಿ ಹೇಳುವ ಕುದುರೆಗಳಲ್ಲಿ ಒಳಗೆ ಬೇರೆ ಬೇರೆ ಜೀನ್ ಇರುತ್ತವೆ. ಬಿಳಿ ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ. ಬೆನ್ನು ದಾಟಿ ಕೆಳಗಿಳಿದಿದ್ದರೆ, ಕಾಲುಗಳು ಬಿಳಿ, ತಲೆ ಮಾತ್ರ ಮಾಮೂಲಿ ಬಣ್ಣದ್ದಾಗಿದ್ದರೆ ಟೊಬಿಯಾನೊ. ಬಿಳಿ ಪಕ್ಕೆಯಲ್ಲೇ ಅಡ್ಡಡ್ಡ ಹರಡಿ ಬೆನ್ನು ದಾಟದೆ, ಕಾಲು ಕಡು ಬಣ್ಣದಲ್ಲೇ ಇದ್ದು, ಮುಖ ಮಾತ್ರ ತುಂಬಾ ಬಿಳಿ ಇದ್ದರೆ ಫ್ರೇಮ್. ಕುದುರೆಯನ್ನು ಸುಣ್ಣದ ತೊಟ್ಟಿಯಲ್ಲಿ ನಿಲ್ಲಿಸಿ ಎತ್ತಿದಂತೆ ಕೆಳಗಿನಿಂದ ಬಿಳಿ ಏರಿದ್ದರೆ ಸ್ಪ್ಲ್ಯಾಷ್. ಇವುಗಳಿಗೆ ನೀಲಿ ಕಣ್ಣು ಸಾಮಾನ್ಯ, ಕೆಲವಕ್ಕೆ ಕಿವಿ ಕೇಳಿಸುವುದಿಲ್ಲ. ಅಂಚು ಹರಿದ ಬಟ್ಟೆಯಂತೆ ಚಿಂದಿಯಾಗಿದ್ದರೆ ಸಬೀನೊ.

ಫ್ರೇಮ್ ಬಗ್ಗೆ ಮಾತ್ರ ಹುಡುಗಾಟ ಬೇಡ. ಎರಡು ಫ್ರೇಮ್ ಕುದುರೆ ಸೇರಿಸಿದರೆ ನಾಲ್ಕರಲ್ಲಿ ಒಂದು ಮರಿ ಪೂರ್ತಿ ಬೆಳ್ಳಗೆ ಹುಟ್ಟಿ, ಕರುಳು ಕೆಲಸ ಮಾಡದೆ ಕೆಲವೇ ದಿನದಲ್ಲಿ ಸಾಯುತ್ತದೆ. ಅಮೆರಿಕದ ಪೇಂಟ್ ತಳಿಯಲ್ಲಿ ಇದು ದೊಡ್ಡ ಕಾಟ. ನೋಡಲು ಫ್ರೇಮ್ ಅನ್ನಿಸದ ಕುದುರೆಯಲ್ಲೂ ಈ ಜೀನ್ ಅಡಗಿರಬಹುದು, ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ.

ಚಿರತೆಯಂತೆ ದುಂಡು ಚುಕ್ಕೆಯ ಅಪಲೂಸಾ ಬೇರೆಯೇ ದಾರಿ. ಗೊರಸಿನಲ್ಲಿ ಉದ್ದುದ್ದ ಪಟ್ಟೆ, ಮೂತಿಯಲ್ಲಿ ಮಚ್ಚೆಮಚ್ಚೆ ಚರ್ಮ, ಮನುಷ್ಯರಂತೆ ಕಣ್ಣಿನ ಸುತ್ತ ಬಿಳಿ, ಇವು ಗುರುತು. ಈ ಜೀನ್ ಎರಡು ಪ್ರತಿ ಇರುವ ಕುದುರೆಗೆ ರಾತ್ರಿ ಕಣ್ಣು ಕಾಣುವುದಿಲ್ಲ. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯಲ್ಲಿ ಸುಮಾರು 25,000 ವರ್ಷದ ಹಿಂದೆ ಬರೆದ ಚುಕ್ಕೆ ಕುದುರೆಗಳನ್ನು ಬಹಳ ಕಾಲ ಕಲ್ಪನೆ ಅಂದುಕೊಂಡಿದ್ದರು. 2011ರಲ್ಲಿ ಹಳೇ ಮೂಳೆಗಳ ಡಿಎನ್‌ಎಯಲ್ಲಿ ಇದೇ ಜೀನ್ ಸಿಕ್ಕಿತು. ಬರೆದವನು ಕಂಡದ್ದನ್ನೇ ಬರೆದಿದ್ದ ಅನ್ನಿಸುತ್ತೆ, ಅಲ್ವಾ?

ಹಂತ 7: ಗುರುತು ಬರೆದಿಡಿ

ಬಣ್ಣ ಒಂದೇ ಇರುವ ಹತ್ತು ಬೇ ಕುದುರೆ ಪಕ್ಕಪಕ್ಕ ನಿಂತರೆ ಯಾವುದು ನಿಮ್ಮದು? ಅದಕ್ಕೇ ಮುಖದ ಮತ್ತು ಕಾಲಿನ ಬಿಳಿ. ಹಣೆಯಲ್ಲಿ ಬೊಟ್ಟು ಇದ್ದರೆ ಸ್ಟಾರ್, ಮೂಗಿನ ಮೇಲೆ ಕಿರಿದಾಗಿ ಇಳಿದರೆ ಸ್ಟ್ರೈಪ್, ಅಗಲವಾಗಿ ಇಳಿದರೆ ಬ್ಲೇಜ್, ಹೊಳ್ಳೆಗಳ ನಡುವೆ ಮಾತ್ರ ಇದ್ದರೆ ಸ್ನಿಪ್. ಕಾಲಿನ ಬಿಳಿ ಎಲ್ಲಿವರೆಗೆ ಬಂದಿದೆ ಅಂತ ನಾಲ್ಕೂ ಕಾಲಿಗೆ ಬೇರೆ ಬೇರೆ ಬರೆಯಿರಿ. ನಾಲ್ಕು ಕಾಲೂ ಬಿಳಿ, ಮುಖವೂ ಬಿಳಿ ಇದ್ದರೆ ನಮ್ಮ ಪಂಚಕಲ್ಯಾಣಿ. ಮಾರವಾಡಿ ಸಾಕುವವರಲ್ಲಿ ಇದು ಶುಭ, ಪೂರ್ತಿ ಕರಿ ಅಶುಭ. ಕರಿ ಕುದುರೆ ಚೌಕಾಸಿ ಮಾಡಿ ಕಡಿಮೆಗೆ ಕೊಳ್ಳಲು ಒಳ್ಳೇ ನೆಪ ಅಂತ ನಾನು ಅಂದುಕೊಳ್ಳುತ್ತೇನೆ.

ಆಮೇಲೆ ಸುಳಿ. ಎತ್ತಿಗೆ ನೋಡುವಂತೆ ಕುದುರೆಗೂ ಸುಳಿ ನೋಡಿ ಬೇಡ ಅನ್ನುವವರಿದ್ದಾರೆ. ನನಗೆ ಸುಳಿಯಲ್ಲಿ ದೋಷ ಕಾಣುವುದಿಲ್ಲ, ಬೆರಳಚ್ಚು ಕಾಣುತ್ತದೆ. ಮೈಬಣ್ಣ ಬದಲಾದರೂ ಸುಳಿ ಜಾಗ ಬಿಡುವುದಿಲ್ಲ. ಕುದುರೆ ಪಾಸ್‌ಪೋರ್ಟ್‌ಗಳಲ್ಲಿ ಪಶುವೈದ್ಯರು ಬಿಳಿ ಗುರುತನ್ನು ಕೆಂಪು ಶಾಯಿಯಲ್ಲಿ ಬರೆದು, ಸುಳಿಯ ಜಾಗಕ್ಕೆ ಕಪ್ಪು ಶಾಯಿಯಲ್ಲಿ ಎಕ್ಸ್ ಹಾಕುತ್ತಾರೆ. ನಿಮ್ಮ ನೋಟ್‌ಬುಕ್ಕಿನಲ್ಲೂ ಹಾಗೇ ಮಾಡಿ.

ಹಂತ 8: ಹುಟ್ಟುವ ಮರಿಯ ಬಣ್ಣ ಲೆಕ್ಕ ಹಾಕಿ

ಇದಕ್ಕೆ ಕೆಲವೇ ಸೂತ್ರ ಸಾಕು. ಚೆಸ್ಟ್‌ನಟ್‌ಗೆ ಚೆಸ್ಟ್‌ನಟ್ ಸೇರಿಸಿದರೆ ಬೇ ಆಗಲಿ ಬ್ಲ್ಯಾಕ್ ಆಗಲಿ ಹುಟ್ಟುವುದಿಲ್ಲ, ಏಕೆಂದರೆ ಇಬ್ಬರ ಹತ್ತಿರವೂ ಕಪ್ಪು ಡಬ್ಬಿ ತೆಗೆಯುವ ಜೀನ್ ಇಲ್ಲ. ಹುಟ್ಟಿದರೆ ತಂದೆ ಯಾರು ಅಂತ ಇನ್ನೊಮ್ಮೆ ವಿಚಾರಿಸಿ. ಬೇ ಕುದುರೆಗೆ ಬೇ ಸೇರಿಸಿದಾಗ ಚೆಸ್ಟ್‌ನಟ್ ಹುಟ್ಟಬಹುದು, ಇಬ್ಬರೂ ಚಿಕ್ಕ 'ಇ' ಒಂದೊಂದು ಬಚ್ಚಿಟ್ಟುಕೊಂಡಿದ್ದರೆ ನಾಲ್ಕರಲ್ಲಿ ಒಂದು ಅವಕಾಶ. ಪ್ಯಾಲೊಮಿನೊ ಜೋಡಿಯಿಂದ ಪ್ಯಾಲೊಮಿನೊ ಬರುವುದು ಅರ್ಧ ಸಲ ಮಾತ್ರ. ಉಳಿದದ್ದರಲ್ಲಿ ಒಟ್ಟು ಮರಿಗಳ ಕಾಲು ಭಾಗ ಚೆಸ್ಟ್‌ನಟ್, ಕಾಲು ಭಾಗ ಕೆನೆ ಬಿಳಿಯ ಕ್ರೆಮೆಲೊ. ಗ್ಯಾರಂಟಿ ಪ್ಯಾಲೊಮಿನೊ ಬೇಕೆಂದರೆ ಕ್ರೆಮೆಲೊಗೆ ಮಾಮೂಲಿ ಚೆಸ್ಟ್‌ನಟ್ ಸೇರಿಸಬೇಕು.

ಗ್ರೇ ಬೇಕಿದ್ದರೆ ತಂದೆ ತಾಯಿಯಲ್ಲಿ ಒಬ್ಬರಾದರೂ ಗ್ರೇ ಇರಲೇಬೇಕು, ಅಜ್ಜ ಗ್ರೇ ಇದ್ದ ಅನ್ನುವುದು ಲೆಕ್ಕಕ್ಕಿಲ್ಲ. ತಲೆಮಾರು ಬಿಟ್ಟು ಬರುವ ಬಣ್ಣವಲ್ಲ ಅದು. 1913ರಲ್ಲಿ ಇಂಗ್ಲೆಂಡಿನಲ್ಲಿ ಓಡಿದ ಏಳೂ ರೇಸ್ ಗೆದ್ದ ದಿ ಟೆಟ್ರಾರ್ಕ್ ಅನ್ನುವುದು ಗ್ರೇ ಕುದುರೆಯೇ, ಮೈಮೇಲೆ ಸುಣ್ಣ ಎರಚಿದಂಥ ಮಚ್ಚೆ ಬೇರೆ. ಇವತ್ತು ಪ್ಯಾಡಕ್ಕಿನಲ್ಲಿ ಗ್ರೇ ಕಂಡರೆ ಅದರ ತಾಯಿಯೋ ತಂದೆಯೋ ಗ್ರೇ, ಅವರ ಹಿಂದಿನವರೂ ಹಾಗೇ, ಸರಪಳಿ ಒಂದು ಕಡೆಯೂ ಕಡಿದಿರುವುದಿಲ್ಲ.

ಕಣ್ಣಿಗೆ ತಿಳಿಯದ್ದು ಉಳಿದರೆ ಲ್ಯಾಬ್ ಇದೆ. ಕತ್ತರಿಸಿದ ಕೂದಲು ಪ್ರಯೋಜನವಿಲ್ಲ, ಬುಡದ ಬಿಳಿ ಗೆಡ್ಡೆಯ ಸಮೇತ ಜೂಲಿನಿಂದ 20ರಿಂದ 30 ಕೂದಲು ಕಿತ್ತು, ಒಣಗಿದ ಕಾಗದದ ಕವರಿನಲ್ಲಿ ಹಾಕಿ, ಮೇಲೆ ಕುದುರೆಯ ಹೆಸರು ಬರೆಯಿರಿ. ಎರಡು ಕುದುರೆಯದ್ದು ಕಳಿಸುವಾಗ ಒಂದರದ್ದು ಮುಗಿಸಿ ಕೈ ತೊಳೆದು ಆಮೇಲೆ ಇನ್ನೊಂದರ ಜೂಲಿಗೆ ಕೈ ಹಾಕಿ. ಜೋರಾಗಿ ಒಮ್ಮೆಗೇ ಎಳೆದರೆ ಕುದುರೆ ಮುನಿಸಿಕೊಳ್ಳುತ್ತದೆ, ನಾಲ್ಕೈದು ಕೂದಲು ಬೆರಳಿಗೆ ಸುತ್ತಿಕೊಂಡು ಸಣ್ಣಸಣ್ಣದಾಗಿ ಕೀಳಿ.